ಕೊಡೆಯ ಪಕ್ಕದ ಮೊಳೆಯಲ್ಲಿ ಮಗಳ ಊರುಗೋಲು

ಉಡುಪಿ–ಕುಂದಾಪುರ ರೂಟಿನ ಸರ್ವಿಸ್ ಬಸ್ಸಿನಲ್ಲಿ ನಾನು ಕಂಡಕ್ಟರ್, 19 ವರ್ಷವಾಯಿತು. ಫುಟ್‌ಬೋರ್ಡಿಗೆ ಕಾಲಿಡುವುದನ್ನು ನೋಡಿದರೆ ಸಾಕು, ಯಾರಿಗೆ ಯಾವ ಮೊಣಕಾಲು ನೋವು ಎಂದು ಹೇಳುತ್ತೇನೆ. ಆದರೆ ಆರು ವರ್ಷದ ನನ್ನ ಮಗಳು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದಾಗ ನಿದ್ದೆಗಣ್ಣು ಎಂದುಕೊಂಡೆ. ಎರಡು ತಿಂಗಳು ಹಾಗೇ ಹೋಯಿತು. ಮಧ್ಯಾಹ್ನಕ್ಕೆ ಅಂಗಳದಲ್ಲಿ ಓಡುತ್ತಿದ್ದಳಲ್ಲ, ಸಂಶಯ ಎಲ್ಲಿಂದ ಬರಬೇಕು?

ಮೊದಲು ತೋರಿಸಿದ ಡಾಕ್ಟರು ಬೆಳೆಯುವ ಮಕ್ಕಳ ಕಾಲುನೋವು ಎಂದರು. ಅಮ್ಮ ಎಣ್ಣೆ ತಿಕ್ಕಿದರು. ಭಾವ ಪ್ರಶ್ನೆ ಇಡಿಸಿ ನಾಗದೋಷ ಎಂದು ಬಂದರು, ಆಶ್ಲೇಷಾ ಬಲಿಯೂ ಆಯಿತು. ಬಲಿಗೆ ಖರ್ಚು ಮಾಡಿದ್ದಕ್ಕೆ ನನಗೆ ಬೇಸರ ಇಲ್ಲ, ಕಳೆದ ದಿನಗಳ ಬಗ್ಗೆ ಇದೆ. ಬೆಳೆಯುವ ಕಾಲುನೋವು ಸಂಜೆ, ರಾತ್ರಿ ಬರುತ್ತದೆ, ಬೆಳಗಾದರೆ ಇರುವುದಿಲ್ಲ. ಇದು ತಿರುಗುಮುರುಗು: ಎದ್ದಾಗಲೇ ಗಂಟುಗಳು ಬಿಗಿ, ಹೊತ್ತೇರಿದ ಹಾಗೆ ಸಡಿಲ. ಮಗು ಬೆಳಿಗ್ಗೆ ಕುಂಟುತ್ತಿದ್ದರೆ, ಗಂಟು ಊದಿದ್ದರೆ, ನೇರ ಮಕ್ಕಳ ಸಂಧಿವಾತ ನೋಡುವ ರುಮಟಾಲಜಿಸ್ಟ್ ಹತ್ತಿರ ಹೋಗಿ.

ಕಾಯಿಲೆಯ ಹೆಸರು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್. 16 ವರ್ಷ ತುಂಬುವ ಮೊದಲು ಶುರುವಾಗಿ, 6 ವಾರವಾದರೂ ಬಿಡದೆ ಗಂಟು ಊದಿಕೊಂಡಿದ್ದು, ಬೇರೆ ಕಾರಣ ಸಿಗದಿದ್ದರೆ ಈ ಹೆಸರು. 'ಇಡಿಯೋಪಥಿಕ್' ಅಂದರೆ ಕಾರಣ ತಿಳಿಯದ್ದು ಅಂತಲೇ ಅರ್ಥ. ಬಸುರಿಯಲ್ಲಿ ಎಂತ ತಿಂದೆ ಎಂದು ನನ್ನ ಹೆಂಡತಿಯನ್ನು ಕೇಳಿದವರಿಗೆಲ್ಲ ಈ ಶಬ್ದವನ್ನೇ ಹೇಳಿದೆ. ಅರ್ಥವಾಗದಿದ್ದರೂ ಬಾಯಿ ಮುಚ್ಚಿತು.

ಔಷಧ, ತಪಾಸಣೆಯ ಬಗ್ಗೆ ಎರಡೇ ಮಾತು. ಮೆಥೋಟ್ರೆಕ್ಸೇಟ್ ಬರೆದುಕೊಟ್ಟರೆ ಅದು ವಾರಕ್ಕೆ ಒಂದೇ ಸಲ, ದಿನಾ ಅಲ್ಲ. ತಪ್ಪಿ ದಿನಾ ಕೊಟ್ಟರೆ ಪ್ರಾಣಕ್ಕೇ ಅಪಾಯ. ನಮ್ಮದು ಶನಿವಾರ ರಾತ್ರಿ; ಕ್ಯಾಲೆಂಡರಿನಲ್ಲಿ ಶನಿವಾರಗಳಿಗೆಲ್ಲ ಕೆಂಪು ಸುತ್ತು ಹಾಕಿದ್ದೇವೆ. ಇನ್ನೊಂದು ಮಾತು ಕಣ್ಣಿನದ್ದು. ಈ ಕಾಯಿಲೆ ಕಣ್ಣಿನ ಒಳಗೂ ಉರಿಯೂತ ತರಬಹುದು, ಕೆಂಪಾಗದೆ, ನೋಯದೆ. ಮಗು 'ಎಂತ ಇಲ್ಲ' ಎಂದರೂ ಡಾಕ್ಟರು ಹೇಳಿದ ಲೆಕ್ಕದಲ್ಲಿ ಕಣ್ಣಿನ ಪರೀಕ್ಷೆ ಆಗಲೇಬೇಕು. ನಮಗೆ 3 ತಿಂಗಳಿಗೊಮ್ಮೆ ಹೇಳಿದ್ದಾರೆ.

ಬೆಳಗಿನ ಹೊತ್ತಿನದ್ದೇ ಒಂದು ಅಧ್ಯಾಯ. ಶಾಲೆಗೆ ಹೊರಡುವ ಸಮಯಕ್ಕಿಂತ ಒಂದು ಗಂಟೆ ಹೆಚ್ಚು ಇಟ್ಟುಕೊಂಡು ಎಬ್ಬಿಸುತ್ತೇವೆ. ಮೊದಲು ಹಂಡೆಯ ಬಿಸಿನೀರಿನ ಸ್ನಾನ. ಆಮೇಲೆ ಹಾಸಿಗೆಯ ಮೇಲೆಯೇ ಕಾಲು ಮಡಚಿ ಬಿಡಿಸುವ ವ್ಯಾಯಾಮ. ಅವಸರ ಮಾಡಿದರೆ ಅಳು ಜಾಸ್ತಿ, ಕೆಲಸ ಕಮ್ಮಿ. ರಾತ್ರಿ ಮೊಣಕಾಲಿನ ಅಡಿಗೆ ದಿಂಬು ಬೇಡ. ಮಗುವಿಗೆ ಹಿತ, ನಿಜ. ಆದರೆ ಕಾಲು ಮಡಚಿದ ಹಾಗೇ ಗಟ್ಟಿಯಾಗುತ್ತದೆ. ನಾವು ತಿಂಗಳುಗಟ್ಟಲೆ ಪ್ರೀತಿಯಿಂದ ದಿಂಬು ಇಟ್ಟವರು.

ಇನ್ನು ಊರುಗೋಲು. ಫಿಸಿಯೋಥೆರಪಿಸ್ಟ್ ಹೇಳಿದ ದಿನ ನಾನು ಹೂಂ ಎಂದು ಬಂದೆ. ತಂದದ್ದು ಏಳು ತಿಂಗಳ ಮೇಲೆ. ತಂದದ್ದನ್ನೂ ಗೋದ್ರೇಜಿನ ಹಿಂದೆ ಇಟ್ಟೆ. ಬಸ್ಸಿನಲ್ಲಿ "ಬಾಲೆಗ್ ದಾನೆ ಆಂಡ್", ಮಗುವಿಗೆ ಎಂತ ಆಯಿತು ಎಂದು ತುಳುವಿನಲ್ಲಿ ಕೇಳುವವರಿಗೆ ಉತ್ತರ ಕೊಡುವುದು ನನ್ನಿಂದ ಆಗುತ್ತಿರಲಿಲ್ಲ. ಅದೇ ವರ್ಷ ವಿಟ್ಲಪಿಂಡಿಗೆ, ಅಂದರೆ ಕೃಷ್ಣಾಷ್ಟಮಿಯ ಮಾರನೇ ದಿನದ ಉತ್ಸವಕ್ಕೆ, ಉಡುಪಿಯ ರಥಬೀದಿಗೆ ಕರೆದುಕೊಂಡು ಹೋದೆ. ಹುಲಿವೇಷ ಎಂದರೆ ಅವಳಿಗೆ ಹುಚ್ಚು. ಕೋಲಿಲ್ಲದೆ ಎರಡು ಗಂಟೆ ನಿಂತಳು, ನನ್ನ ಕೈಯನ್ನು ಜೋತುಬಿದ್ದು ಹಿಡಿದು. ಮತ್ತೆ ಮೂರು ದಿನ ಹಾಸಿಗೆ. ನಾಲ್ಕನೇ ದಿನ ಕೇಳಿದಳು: "ಅಪ್ಪಾ, ಮಳೆ ಇಲ್ಲದ ದಿನ ಕೊಡೆಯನ್ನು ಗೋದ್ರೇಜಿನ ಹಿಂದೆ ಇಡ್ತೀರಾ?"

ಆ ಸಂಜೆಯೇ ಬಾಗಿಲ ಪಕ್ಕ, ಕೊಡೆ ನೇತುಹಾಕುವ ಮೊಳೆಯ ಬದಿಗೆ ಇನ್ನೊಂದು ಮೊಳೆ ಹೊಡೆದೆ. ಹೊರಡುವಾಗ ಆಕಾಶ ನೋಡುವುದು, ಮೊಣಕಾಲು ನೋಡುವುದು. ಬೇಕಾದ್ದು ತೆಗೆದುಕೊಳ್ಳುವುದು. ಈ ಕಾಯಿಲೆ ದಿನಕ್ಕೊಂದು ತರ. ನಿನ್ನೆ ಓಡಿದವಳಿಗೆ ಇವತ್ತು ಕೋಲು ಬೇಕಾಗುತ್ತದೆ, ನಾಳೆ ಬೇಡವಾಗುತ್ತದೆ. ಶಾಲೆಯಲ್ಲಿ ಒಬ್ಬರು ಟೀಚರ್ "ನಾಟಕ" ಎಂದುಬಿಟ್ಟಿದ್ದರು. ಹೋಗಿ ಕೊಡೆಯ ಲೆಕ್ಕವನ್ನೇ ಹೇಳಿದೆ: ನಿನ್ನೆ ಕೊಡೆ ತರದವರನ್ನು ಇವತ್ತು ಯಾಕೆ ತಂದೆ ಎಂದು ಕೇಳ್ತೀರಾ ಮೇಡಂ? ಮನೆಯವರಿಗೂ ಒಂದು ನಿಯಮ ಮಾಡಿದ್ದೇನೆ. ಕೋಲಿಲ್ಲದ ದಿನ "ಭಾರಿ ಲಾಯ್ಕ, ಇವತ್ತು ಕೋಲು ಬೇಡವಾಯ್ತಲ್ಲ" ಎಂದು ಹೊಗಳಬಾರದು. ಹೊಗಳಿದರೆ ಮಾರನೇ ದಿನ ನೋವು ನುಂಗಿಕೊಂಡು ಕೋಲು ಬಿಟ್ಟು ಹೋಗುತ್ತಾಳೆ.

ಅಳತೆಯನ್ನು ಅಂಗಡಿಯವರ ಅಂದಾಜಿಗೆ ಬಿಡಬೇಡಿ. ಚಪ್ಪಲಿ ಹಾಕಿ ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ಕೋಲಿನ ಹಿಡಿ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಮಕ್ಕಳು ಬೆಳೆಯುತ್ತಾರೆ. ಆಗಾಗ ನೋಡಿ, ಗುಂಡಿ ಒತ್ತಿ ಒಂದು ತೂತು ಮೇಲೆ ಮಾಡಿ. ಒಂದೇ ಕೋಲಾದರೆ ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿ. ಬಲ ಮೊಣಕಾಲಾದರೆ ಎಡಗೈ. ಬಸ್ಸಿನಲ್ಲಿ ನೋಡುತ್ತೇನೆ, ಹತ್ತರಲ್ಲಿ ಆರು ಅಜ್ಜಂದಿರು ಉಲ್ಟಾ ಹಿಡಿದಿರುತ್ತಾರೆ. ಮೆಟ್ಟಿಲಿಗೆ ಒಂದು ಪಾಠ: ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮುಂದೆ.

ನಮಗೊಂದು ತೊಡಕು ಬಂತು. ಎರಡನೇ ವರ್ಷ ಅವಳ ಎಡ ಮಣಿಕಟ್ಟೂ ಊದಿತು. ಕೋಲಿನ ಭಾರವೆಲ್ಲ ಮಣಿಕಟ್ಟಿಗೇ ಬೀಳುವುದು. ಆಗ ಮುಂಗೈಯನ್ನು ಪೂರ್ತಿ ಒರಗಿಸುವ ಹಲಗೆಯಂಥದ್ದು ಇರುವ ವಾಕರ್ ಕೊಟ್ಟರು. ಕೈಯ ಗಂಟುಗಳೂ ಊದುವ ಮಗುವಾದರೆ ಕೊಳ್ಳುವ ಮೊದಲೇ ಇದನ್ನು ಕೇಳಿ. ನಮ್ಮ ಒಂದು ಜೊತೆ ಕ್ರಚಸ್ ಸುಮ್ಮನೆ ಅಟ್ಟದಲ್ಲಿದೆ.

ನಮ್ಮ ಕಡೆಯ ಮಳೆಗಾಲಕ್ಕೆ ಬೇರೆಯೇ ಜಾಗ್ರತೆ ಬೇಕು ಮಾರಾಯ್ರೆ. ಜೂನ್ ಬಂದರೆ ಕೆಂಪುಕಲ್ಲಿನ ಮೆಟ್ಟಿಲಲ್ಲಿ ಹಾವಸೆ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕುತ್ತೇವೆ, ಗೇಟಿನ ತನಕ ಅಡಿಕೆ ಸೋಗೆ ಹಾಸುತ್ತೇವೆ. ಆದರೆ ಸೋಗೆಯ ದಂಟಿಗೆ ಕೋಲು ಸಿಕ್ಕಿ ಒಮ್ಮೆ ಮುಗ್ಗರಿಸಿದಳು. ಈಗ ದಂಟು ಕಡಿದು ಎಲೆ ಮಾತ್ರ ಹಾಸುವುದು. ಮನೆಯೊಳಗೆ ಬಂದ ಕೂಡಲೇ ಕೋಲಿನ ತುದಿ ಒರೆಸಬೇಕು, ಒದ್ದೆ ರಬ್ಬರು ರೆಡ್‌ಆಕ್ಸೈಡ್ ನೆಲದಲ್ಲಿ ಜಾರುತ್ತದೆ. ಮತ್ತೆ, ಎರಡೂ ಕೈಯಲ್ಲಿ ಕೋಲಿದ್ದರೆ ಕೊಡೆ ಹಿಡಿಯುವುದು ಹೇಗೆ? ಉದ್ದದ ರೈನ್‌ಕೋಟ್, ಬ್ಯಾಗಿನ ಮೇಲಿಂದ ಹಾಕುವಂಥದ್ದು.

ಗಾಲಿಕುರ್ಚಿಯನ್ನು ದೂರಕ್ಕೆ, ಜಾತ್ರೆಗೆ, ಆಸ್ಪತ್ರೆಯ ಉದ್ದ ವರಾಂಡಕ್ಕೆ ಇಟ್ಟುಕೊಳ್ಳಿ. ದಿನವಿಡೀ ಅದರಲ್ಲೇ ಕೂತರೆ ಮೊಣಕಾಲು ಬಿಗಿಯುತ್ತದೆ, ಮಾಂಸಖಂಡ ಸೋಲುತ್ತದೆ. ದೊಡ್ಡವರ ಕುರ್ಚಿ ಎರವಲು ತಂದರೆ ಮಗು ಒಂದು ಬದಿಗೆ ವಾಲುತ್ತದೆ, ಅಳತೆಯದ್ದೇ ಆಗಬೇಕು. ಇಳಿಯುವಾಗ ಮೊದಲು ಬ್ರೇಕ್, ಆಮೇಲೆ ಕಾಲಿಡುವ ಹಲಗೆ ಮೇಲೆ, ಆಮೇಲೆ ಏಳುವುದು. ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖ ಇಳಿಸಿ.

ಶಾಲೆಯಲ್ಲಿ ಕೇಳಬೇಕಾದ್ದು: ನೆಲಮಹಡಿಯ ಕ್ಲಾಸು, ಊಟಕ್ಕೆ ನೆಲದ ಬದಲು ಬೆಂಚು, ಅಸೆಂಬ್ಲಿಯಲ್ಲಿ ಕುರ್ಚಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲು ಅನುಮತಿ, ಕೂರಲಾಗುವ ಟಾಯ್ಲೆಟ್. ಇದು ದಾಕ್ಷಿಣ್ಯದಿಂದ ಕೇಳುವ ಸಹಾಯ ಅಲ್ಲ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಚಲನೆಯ ತೊಂದರೆ ಶಾಶ್ವತವಾಗಿ ಶೇ. 40 ಅಥವಾ ಹೆಚ್ಚು ಎಂದು ವೈದ್ಯರು ಪ್ರಮಾಣೀಕರಿಸಿದರೆ ಹಲವು ಸವಲತ್ತು ಸಿಗುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು.

ಮಾರನೇ ವರ್ಷದ ವಿಟ್ಲಪಿಂಡಿಗೆ ಕುರ್ಚಿಯಲ್ಲೇ ಹೋದೆವು. ಜನ ದಾರಿ ಬಿಟ್ಟರು, ಹುಲಿಗಳಿಗೆ ತಾಸೆ ಬಡಿಯುವ ವಾದ್ಯದವರ ಎದುರೇ ಜಾಗ ಸಿಕ್ಕಿತು. ಒಂದು ಹುಲಿ ಬಂದು ಕುರ್ಚಿಯ ಎರಡೂ ಹಿಡಿಗೆ ಪಂಜ ಇಟ್ಟು ಘರ್ರೆಂದಿತು. ಮಗಳು ಕೋಲೆತ್ತಿ ಹೊಡೆಯುವ ಹಾಗೆ ಮಾಡಿದಳು, ಹುಲಿ ಹೆದರಿದ ಹಾಗೆ ಮಾಡಿತು. ಕೋಲು ಕೆಳಗೆ ಇಡುವಾಗ ನೋಡುತ್ತೇನೆ, ತುದಿಯ ರಬ್ಬರು ಬಸ್ಸಿನ ಬೋಳು ಟಯರಿನ ಹಾಗೆ ಸವೆದಿದೆ. ಅಲ್ಲಿಂದ ನನ್ನ ಟಿಕೆಟ್ ಬ್ಯಾಗಿನಲ್ಲಿ ಚಿಲ್ಲರೆಯ ಜೊತೆ ಎರಡು ರಬ್ಬರ್ ಬುಷ್ ಯಾವಾಗಲೂ ಇರುತ್ತದೆ. ನೀವೂ ತರುವಾಗ ಕೊಳವೆಯ ದಪ್ಪ ನೋಡಿ ತನ್ನಿ, ಎಲ್ಲ ಕೋಲಿಗೂ ಒಂದೇ ಅಳತೆ ಅಲ್ಲ.