ಸೈಟೇಶನ್ ಎಣಿಸುವುದರಿಂದ ಓದುವವರೆಗೆ: ನನ್ನ ಅನುಭವ

ಬಡ್ತಿಯ ಅರ್ಜಿಯಲ್ಲಿ ಮೂರು ಕಾಲಂ ಇದ್ದವು: ಒಟ್ಟು ಪ್ರಕಟಣೆ, ಒಟ್ಟು ಸೈಟೇಶನ್ (ಬೇರೆ ಪೇಪರ್‌ಗಳು ನಮ್ಮದನ್ನು ಉಲ್ಲೇಖಿಸಿದ ಎಣಿಕೆ), ಎಚ್-ಇಂಡೆಕ್ಸ್. ದಾವಣಗೆರೆಯಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತ, ಜಗಳೂರು ಕಡೆಯ ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್ ಮನುಷ್ಯರ ರಕ್ತದಲ್ಲಿ ಏನೇನು ಮಾಡುತ್ತದೆ ಎಂದು ಹುಡುಕುತ್ತ ಬಂದವಳು ನಾನು. ಆ ಮೂರು ಕಾಲಂ ತುಂಬಲು ಕೂತಾಗ ಗೊತ್ತಾಯಿತು, ಪೇಪರ್‌ಗಳನ್ನೂ ಸೈಟೇಶನ್‌ಗಳನ್ನೂ ದಾಖಲಿಸುವ ಸ್ಕೋಪಸ್ ಡೇಟಾಬೇಸ್ ನನ್ನನ್ನು ಬೇರೆ ಬೇರೆ ವ್ಯಕ್ತಿಗಳಾಗಿ ಹಂಚಿಬಿಟ್ಟಿದೆ ಅಂತ.

ಇದು ನಮ್ಮ ಕಡೆಯವರಿಗೆಲ್ಲ ಬರುವ ತೊಂದರೆ. ನಮಗೆ ಸರ್‌ನೇಮ್ ಇಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ. ಒಂದು ಜರ್ನಲ್ ಇನಿಶಿಯಲ್‌ಗಳನ್ನು ಹೆಸರಿನ ಹಿಂದೆ ತಳ್ಳುತ್ತದೆ, ಇನ್ನೊಂದು ಅಪ್ಪನ ಹೆಸರನ್ನೇ ಬಿಡಿಸಿ ಬರೆಯುತ್ತದೆ. ವಿಳಾಸದ್ದೂ ಅದೇ ಕಥೆ. ಇಲ್ಲಿನ ಸ್ನಾತಕೋತ್ತರ ಕೇಂದ್ರ ಮೊದಲು ಕುವೆಂಪು ವಿಶ್ವವಿದ್ಯಾಲಯದ ಕೆಳಗಿತ್ತು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಹಳೆಯ ಪೇಪರಿಗೊಂದು ವಿಳಾಸ, ಹೊಸದಕ್ಕೊಂದು. ಕಂಪ್ಯೂಟರಿಗೆ ಇವರಿಬ್ಬರೂ ಒಬ್ಬರೇ ಎಂದು ತಿಳಿಯುವುದಾದರೂ ಹೇಗೆ?

ಮೊದಲು ಆರ್ಕಿಡ್ (ORCID) ಐಡಿ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ, ಮಾಡಿಸಿಕೊಂಡೆ. 2012ರಲ್ಲಿ ಶುರುವಾದ ವ್ಯವಸ್ಥೆ, ದುಡ್ಡು ಕೊಡಬೇಕಿಲ್ಲ. 16 ಅಂಕಿಯ ಆ ಸಂಖ್ಯೆ ಹೆಸರು ಹೇಗೇ ಬದಲಾದರೂ ನಮ್ಮ ಜೊತೆಗಿರುತ್ತದೆ. ಆಮೇಲೆ ಸ್ಕೋಪಸ್‌ನಲ್ಲಿ ನನ್ನ ಹೆಸರಿನ ಎಲ್ಲ ರೂಪಗಳನ್ನೂ ಹುಡುಕಿ, ನನ್ನವೆಂದು ಖಚಿತವಾದ ಪ್ರೊಫೈಲ್‌ಗಳಿಗೆ ಟಿಕ್ ಹಾಕಿ, ಒಂದುಗೂಡಿಸಲು ಕೋರಿಕೆ ಕಳಿಸಿದೆ. ಗೂಗಲ್ ಸ್ಕಾಲರ್‌ನಲ್ಲಿ ಕೆಲಸ ಉಲ್ಟಾ. ಅಲ್ಲಿ ಅದೇ ಇನಿಶಿಯಲ್ ಇರುವ ಬೇರೆಯವರ ಪೇಪರ್‌ಗಳು ನನ್ನ ಪಟ್ಟಿಗೆ ಬಂದು ಸೇರಿದ್ದವು, ಒಂದೊಂದನ್ನೇ ತೆಗೆದೆ. ತೆಗೆದ ಹಾಗೆ ಸಂಖ್ಯೆ ಇಳಿಯಿತು, ಇಳಿಯಲೇಬೇಕಿತ್ತು. ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮುಂಚೆಯೇ ಹಾಕಿದ ಪೇಪರ್) ಎಲ್ಲವನ್ನೂ ಎಣಿಸುವುದರಿಂದ ಸಾಮಾನ್ಯವಾಗಿ ಸ್ಕೋಪಸ್‌ಗಿಂತ ಹೆಚ್ಚು ತೋರಿಸುತ್ತದೆ. ಅದಕ್ಕೇ ಅರ್ಜಿಯಲ್ಲಿ ಎರಡನ್ನೂ, ಯಾವ ತಾರೀಖಿಗೆ ನೋಡಿದ್ದು ಎಂಬುದರೊಂದಿಗೆ ಬರೆದೆ.

ಇನ್ನು ಎಚ್-ಇಂಡೆಕ್ಸ್. ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಸೂಚಿಸಿದ ಅಳತೆ ಇದು: ಎಷ್ಟು ಪೇಪರ್‌ಗಳಿಗೆ ಒಂದೊಂದಕ್ಕೂ ಕನಿಷ್ಠ ಅಷ್ಟೇ ಸೈಟೇಶನ್ ಇದೆಯೋ ಆ ಸಂಖ್ಯೆ. ಪೇಪರ್‌ಗಳನ್ನು ಸೈಟೇಶನ್ ಹೆಚ್ಚಿರುವುದರಿಂದ ಕಡಿಮೆಯ ಕಡೆಗೆ ಜೋಡಿಸಿ: 40, 12, 9, 5, 4, 1 ಎಂದಿಟ್ಟುಕೊಳ್ಳಿ. ನಾಲ್ಕನೆಯದಕ್ಕೆ 5 ಇದೆ, ಐದನೆಯದಕ್ಕೆ 4 ಮಾತ್ರ. ಹಾಗಾಗಿ ಎಚ್-ಇಂಡೆಕ್ಸ್ 4. ಮೊದಲನೆಯದಕ್ಕೆ 40ರ ಬದಲು 400 ಬಂದಿದ್ದರೂ 4 ಅಷ್ಟೇ. ಇಷ್ಟು ಒರಟು ಅಳತೆಯಲ್ಲಿ ಅಂಗರಚನಾಶಾಸ್ತ್ರದವರನ್ನೂ ಕ್ಯಾನ್ಸರ್ ಸಂಶೋಧಕರನ್ನೂ ಒಟ್ಟಿಗೆ ತೂಗುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಒಂದೊಂದು ಕ್ಷೇತ್ರದಲ್ಲಿ ಉಲ್ಲೇಖಿಸುವ ರೂಢಿಯೇ ಬೇರೆ.

ಸಂಖ್ಯೆ ಏನು ಹೇಳುತ್ತದೆ ಅನ್ನುವುದಕ್ಕೆ ನಮ್ಮ ಲ್ಯಾಬ್‌ನಲ್ಲೇ ಉದಾಹರಣೆ ಇದೆ. ಎಂ.ಎಸ್ಸಿ. ಮಕ್ಕಳು ಪ್ರಾಕ್ಟಿಕಲ್‌ನಲ್ಲಿ ಫೋಲಿನ್ ರೀಏಜೆಂಟ್ ಹಾಕಿ, ನೀಲಿ ಬಣ್ಣ ಬಂದ ಮೇಲೆ ಕಲರಿಮೀಟರ್‌ನಲ್ಲಿ ಪ್ರೋಟೀನ್ ಅಳೆಯುತ್ತಾರಲ್ಲ, ಆ ಲೌರಿ ವಿಧಾನದ 1951ರ ಪೇಪರಿಗೆ 3 ಲಕ್ಷಕ್ಕೂ ಹೆಚ್ಚು ಸೈಟೇಶನ್ ಇದೆ. ಅದು ಮಹಾ ಸಿದ್ಧಾಂತವೇನಲ್ಲ, ಎಲ್ಲರ ಕೈಗೂ ಒದಗುವ ವಿಧಾನ. ಒದಗಿತು ಅನ್ನುವುದನ್ನೇ ಆ ಸಂಖ್ಯೆ ಹೇಳುತ್ತಿರುವುದು.

ಇದು ಹೊಳೆದ ಮೇಲೆ ನನ್ನನ್ನು ಉಲ್ಲೇಖಿಸಿದ ಪೇಪರ್‌ಗಳನ್ನು ತೆರೆದು ಓದತೊಡಗಿದೆ. ಒಂದು ನೋಟ್‌ಬುಕ್ ಇಟ್ಟು, ಯಾರು, ಯಾವ ವಾಕ್ಯದಲ್ಲಿ, ಯಾತಕ್ಕಾಗಿ ನನ್ನ ಹೆಸರು ತೆಗೆದಿದ್ದಾರೆ ಎಂದು ಬರೆದುಕೊಂಡೆ. ನನ್ನ ಪಿಎಚ್.ಡಿ. ವಿದ್ಯಾರ್ಥಿನಿ ಕೇಳಿದಳು, "ಮೇಡಂ, ಸಂಖ್ಯೆ ಅಲ್ಲೇ ಬರ್ತದಲ್ರೀ, ಮತ್ತೆ ಯಾಕೆ ಓದ್ತೀರಿ?" ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ.

ಅರ್ಧಕ್ಕರ್ಧ ಪೀಠಿಕೆಯಲ್ಲಿ ಸಾಲಾಗಿ ಬರುವ ಹೆಸರುಗಳು. ನಮ್ಮದನ್ನು ಓದಿರುವ ಗುರುತೇ ಇಲ್ಲ. ಕೆಲವು ನನ್ನದೇ ಹಿಂದಿನ ಪೇಪರನ್ನು ನಾನೇ ಉಲ್ಲೇಖಿಸಿದ್ದು; ಅವನ್ನು ಬೇರೆ ಪುಟಕ್ಕೆ ಹಾಕಿದೆ. ಆದರೆ ನಾನು ತೀರ ಸಣ್ಣದೆಂದುಕೊಂಡಿದ್ದ ಒಂದು ಪೇಪರ್ ಇತ್ತು. ನೀರಿನ ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ಇಡಬಾರದು, ಫ್ಲೋರೈಡ್ ಗಾಜಿನ ಜೊತೆ ಪ್ರತಿಕ್ರಿಯಿಸುತ್ತದೆ. ಪಾಲಿಎಥಿಲೀನ್ ಬಾಟಲಿ ಬೇಕು. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಅದ್ದುವ ಮೊದಲು ಟಿಸಾಬ್ (TISAB) ಎಂಬ ಬಫರ್ ದ್ರಾವಣ ಬೆರೆಸಬೇಕು, ಇಲ್ಲದಿದ್ದರೆ ಅಲ್ಯೂಮಿನಿಯಂ, ಕಬ್ಬಿಣ ಫ್ಲೋರೈಡನ್ನು ಹಿಡಿದುಕೊಂಡು ಅಳತೆ ಕಡಿಮೆ ಬರುತ್ತದೆ. ಹಳ್ಳಿಗಳಲ್ಲಿ ಇದನ್ನೆಲ್ಲ ಹೇಗೆ ಮಾಡಿದೆವು ಎಂದು ವಿವರವಾಗಿ ಬರೆದಿದ್ದೆವು. ನಮ್ಮಂಥದೇ ಬರದ ಸೀಮೆಗಳಲ್ಲಿ ಕೆಲಸ ಮಾಡುವವರು ಅದನ್ನು ವಿಧಾನದ ಭಾಗದಲ್ಲಿ ಉಲ್ಲೇಖಿಸಿ, ಹಾಗೆಯೇ ಮಾಡಿದ್ದರು. ಆ ದಿನದ ಸಂತೋಷವನ್ನು ಯಾವ ಇಂಡೆಕ್ಸೂ ಕೊಟ್ಟಿಲ್ಲ.

ಅರ್ಜಿಯ ಜೊತೆ ಒಂದು ಹಾಳೆ ಹೆಚ್ಚಿಗೆ ಲಗತ್ತಿಸಿದೆ: ಯಾವ ಪೇಪರ್ ಯಾರಿಗೆ ಯಾವುದಕ್ಕೆ ಒದಗಿತು ಎಂದು. ದುಡ್ಡು ಕೊಟ್ಟರೆ ಸೈಟೇಶನ್ ಕೊಡಿಸುತ್ತೇವೆ ಎಂಬ ಮೇಲ್‌ಗಳು ವಿದ್ಯಾರ್ಥಿಗಳಿಗೂ ಬರುತ್ತವೆ. ಅದು ಕಳ್ಳತನ ಎಂದು ನೇರವಾಗಿಯೇ ಹೇಳಿದ್ದೇನೆ.

ಈಗ ನಮ್ಮ ಗುಂಪಿನವರು ಮೊದಲ ಪೇಪರ್ ಕಳಿಸುವ ಮುಂಚೆಯೇ ಆರ್ಕಿಡ್ ಮಾಡಿಸಿ, ಹೆಸರಿನ ಒಂದೇ ರೂಪವನ್ನು ಆರಿಸಿಕೊಳ್ಳುತ್ತಾರೆ. ಮಾದರಿ ಸಂಗ್ರಹದ ವಿಧಾನವನ್ನು ಪ್ರತ್ಯೇಕವಾಗಿ ಬರೆದು, ಡಿಒಐ (ದಾಖಲೆಯ ಶಾಶ್ವತ ಗುರುತಿನ ಸಂಖ್ಯೆ) ಸಮೇತ ಎಲ್ಲರಿಗೂ ಉಚಿತವಾಗಿ ಸಿಗುವಂತೆ ಹಾಕುತ್ತಿದ್ದೇವೆ. ಮುಂದಿನದು ಸೀರಂ ಶೇಖರಿಸಿಡುವ ಕ್ರಮದ ಬಗ್ಗೆ. ಅದನ್ನು ಆ ವಿದ್ಯಾರ್ಥಿನಿಯೇ ಬರೆಯುತ್ತಿದ್ದಾಳೆ.