ಮನೆಯಲ್ಲೇ ಕೂತು ದುಡಿಮೆ: ಮೊದಲು ದುಡ್ಡು ಯಾವ ಕಡೆ ಹೋಗುತ್ತಿದೆ ನೋಡಿ

ದಕ್ಷಿಣ ಕನ್ನಡದಲ್ಲಿ ಮನೆಯಲ್ಲಿ ಕೂತು ಬೀಡಿ ಕಟ್ಟುವವರಿಗೆ ಎಲೆ, ತಂಬಾಕು, ನೂಲು ಕೊಡುವುದು ಗುತ್ತಿಗೆದಾರ. ಕಟ್ಟಿ ಕೊಟ್ಟ ಬೀಡಿಗೆ ಸಾವಿರಕ್ಕೆ ಇಷ್ಟು ಎಂದು ಕೂಲಿ. ಬೆಂಗಳೂರು, ಮೈಸೂರಿನಲ್ಲಿ ಅಗರಬತ್ತಿ ಹೊಸೆಯುವ ಮನೆಗಳಿಗೂ ಕಡ್ಡಿ, ಹಿಟ್ಟು ಕೆಲಸ ಕೊಟ್ಟವರ ಕಡೆಯಿಂದಲೇ ಬರುತ್ತದೆ. ಕೂಲಿ ತೀರಾ ಕಡಿಮೆ, ಕಳಪೆ ಎಂದು ಬದಿಗಿಟ್ಟ ಮಾಲಿಗೆ ಅದೂ ಸಿಗುವುದಿಲ್ಲ, ಅದು ನಿಜ. ಆದರೆ ಕೆಲಸ ಕೇಳಿಕೊಂಡು ಹೋದವರು ಮೊದಲು ದುಡ್ಡು ಎಣಿಸಬೇಕಾಗಿಲ್ಲ. ಮನೆಗೆಲಸದ ಜಾಹೀರಾತು ಯಾವುದೇ ಬರಲಿ, ಈ ಎರಡರ ಪಕ್ಕದಲ್ಲಿಟ್ಟು ನೋಡಿ. ರಿಜಿಸ್ಟ್ರೇಶನ್, ಐಡಿ ಕಾರ್ಡ್, ಟ್ರೈನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್, ಕೊರಿಯರ್ ಚಾರ್ಜ್, ಹೆಸರು ಏನೇ ಇರಲಿ, ಕೆಲಸ ಕೊಡುವವರೇ ನಿಮ್ಮಿಂದ ದುಡ್ಡು ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ.

ಫೇಸ್‌ಬುಕ್, ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ‘ಮನೆಯಲ್ಲೇ ಪೆನ್ಸಿಲ್ ಪ್ಯಾಕಿಂಗ್, ತಿಂಗಳಿಗೆ 30,000’ ಈ ಜಾತಿಯದ್ದು. ಮೊದಲು ಐನೂರು, ಆರುನೂರು ಕಟ್ಟಿಸಿಕೊಳ್ಳುತ್ತಾರೆ. ಆಮೇಲೆ ಕಾರ್ಡಿಗೆ, ಆಮೇಲೆ ಮಾಲು ತರುವ ಗಾಡಿಗೆ. ಪೆನ್ಸಿಲ್ ಕಾರ್ಖಾನೆಗಳಲ್ಲಿ ಪ್ಯಾಕಿಂಗ್‌ಗೆ ಯಂತ್ರಗಳಿವೆ. ಕೆಲವೇ ರೂಪಾಯಿಯ ಪೆನ್ಸಿಲನ್ನು ನಿಮ್ಮ ಊರಿಗೆ ಕಳಿಸಿ, ಡಬ್ಬಿಗೆ ತುಂಬಿಸಿ, ಮತ್ತೆ ವಾಪಸ್ ತರಿಸಿಕೊಳ್ಳುವ ಸಾಗಣೆ ಖರ್ಚಿಗೆ ಯಾವ ಕಂಪನಿಯೂ ತಯಾರಿರುವುದಿಲ್ಲ. ಇಷ್ಟು ಲೆಕ್ಕ ಹಾಕಿದರೆ ಸಾಕು, ಬೇರೇನೂ ಪರೀಕ್ಷೆ ಬೇಕಿಲ್ಲ.

ಈ ಸೂತ್ರ ಕೆಲಸ ಮಾಡದ ಜಾಗಗಳೂ ಇವೆ. ದೊಡ್ಡ ಮೊತ್ತ ಹೋಗುವುದು ಅಲ್ಲೇ.

ಮೊದಲು ಅವರೇ ದುಡ್ಡು ಕೊಟ್ಟಾಗ

‘ದಿನಕ್ಕೆ ಎರಡು ಗಂಟೆ, 1,500ರಿಂದ 3,000 ರೂಪಾಯಿ’ ಎಂದು ಗೊತ್ತಿಲ್ಲದ ನಂಬರಿನಿಂದ ಮೆಸೇಜ್ ಬರುತ್ತದೆ. ಯೂಟ್ಯೂಬ್ ವಿಡಿಯೊಗೆ ಲೈಕ್ ಒತ್ತಿ, ಇಲ್ಲವೇ ಗೂಗಲ್ ಮ್ಯಾಪ್‌ನಲ್ಲಿ ಯಾವುದೋ ಹೋಟೆಲ್‌ಗೆ ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಬೇಕು. ಮೂರು ಟಾಸ್ಕ್ ಮುಗಿಸಿದರೆ 150 ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ಅಷ್ಟಕ್ಕೇ ನಂಬಿಕೆ ಕೂತುಬಿಡುತ್ತದೆ. ಆ 150, ಗಾಳಕ್ಕೆ ಸಿಕ್ಕಿಸಿದ ಎರೆಹುಳು.

ನಂತರ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ‘ನನಗೆ 13,000 ಬಂತು’, ‘ಇವತ್ತು ವಿಥ್‌ಡ್ರಾ ಆಯ್ತು’ ಎಂದು ಸ್ಕ್ರೀನ್‌ಶಾಟ್ ಹಾಕುವವರಲ್ಲಿ ಹೆಚ್ಚಿನವರು ಅದೇ ತಂಡದವರು. ಈಗ ‘ಪ್ರಿಪೇಯ್ಡ್ ಟಾಸ್ಕ್’ ಶುರು. 1,000 ಹಾಕಿದರೆ 1,300 ವಾಪಸ್. ಅದೂ ಬರುತ್ತದೆ. ಮುಂದಿನದು 5,000. ಈ ಸಲ ಟಾಸ್ಕ್ ಒಂದೇ ಇರುವುದಿಲ್ಲ, ಮೂರರ ಸೆಟ್ಟು. ಮೂರೂ ಮುಗಿಯದೆ ದುಡ್ಡು ತೆಗೆಯುವಂತಿಲ್ಲ. ಎರಡನೆಯದಕ್ಕೆ 20,000, ಮೂರನೆಯದಕ್ಕೆ 60,000. ಅವರ ವೆಬ್‌ಸೈಟಿನಲ್ಲಿ ನಿಮ್ಮ ಬ್ಯಾಲೆನ್ಸ್ ಒಂದು ಲಕ್ಷ ದಾಟಿರುತ್ತದೆ. ತೆಗೆಯಲು ಹೋದಾಗ ಹೊಸ ಕಾರಣ: ನೀವು ತಪ್ಪು ಬಟನ್ ಒತ್ತಿದ್ದೀರಿ, ಸರಿಪಡಿಸಲು ಇಷ್ಟು ಕಟ್ಟಿ, ನಿಮ್ಮ ‘ಕ್ರೆಡಿಟ್ ಸ್ಕೋರ್’ 80 ಇದೆ, 100 ಆಗಬೇಕು, ಶೇ. 30 ಟ್ಯಾಕ್ಸ್ ಮೊದಲೇ ಕಟ್ಟಿ. ಆ ಒಂದು ಲಕ್ಷ ಯಾವ ಬ್ಯಾಂಕಿನಲ್ಲೂ ಇಲ್ಲ. ಅವರೇ ಕೂತು ಟೈಪ್ ಮಾಡಿದ ಅಂಕಿ ಅದು.

ಇಲ್ಲಿ ಜನ ಸೋಲುವುದು ದುರಾಸೆಗಿಂತ ಹೆಚ್ಚಾಗಿ ಹೋದದ್ದನ್ನು ವಾಪಸ್ ಪಡೆಯುವ ತವಕದಲ್ಲಿ. 5,000 ಸಿಕ್ಕಿಹಾಕಿಕೊಂಡಿದೆ, 20,000 ಹಾಕಿದರೆ ಎರಡೂ ಬರುತ್ತದಲ್ಲ ಎನ್ನಿಸುತ್ತದೆ. ಚಿನ್ನ ಅಡವಿಟ್ಟು, ಲೋನ್ ಆ್ಯಪ್‌ನಲ್ಲಿ ಸಾಲ ಎತ್ತಿ ಕಟ್ಟಿದವರೂ ಇದ್ದಾರೆ. ಅದಕ್ಕಾಗಿ ಒಂದು ಗೆರೆ ಹಾಕಿಕೊಳ್ಳಿ: ದುಡ್ಡು ತೆಗೆಯಲು ದುಡ್ಡು ಕಟ್ಟಿ ಅಂದ ಕ್ಷಣ ನಿಮ್ಮದು ಹೋಗಿದೆ ಎಂದೇ ತಿಳಿಯಿರಿ. ಇನ್ನು ಕಟ್ಟುವ ಪ್ರತಿ ರೂಪಾಯಿ ಹೊಸ ನಷ್ಟ.

ಇನ್ನೂ ಎರಡು ಗುರುತು. ಯುಪಿಐಯಲ್ಲಿ ದುಡ್ಡು ಕಳಿಸುವ ಮುನ್ನ ಪಡೆಯುವವರ ಹೆಸರು ತೋರಿಸುತ್ತದೆ, ಅದನ್ನು ಓದಿ. ಪ್ರತಿ ಸಲ ಬೇರೆ ಬೇರೆ ವ್ಯಕ್ತಿ, ಯಾವುದೋ ಕಿರಾಣಿ ಅಂಗಡಿ, ಟ್ರೇಡರ್ಸ್ ಹೆಸರು ಬಂದರೆ ಕಂಪನಿ ಎಂಬುದೇ ಇಲ್ಲ. ಇನ್ನು ತೆರಿಗೆ: ನಿಮಗೆ ಬರಬೇಕಾದ ಹಣಕ್ಕೆ ಟಿಡಿಎಸ್ ಇದ್ದರೆ ಅದನ್ನು ಮುರಿದುಕೊಂಡೇ ಉಳಿದದ್ದನ್ನು ಕೊಡುತ್ತಾರೆ. ನಿಮ್ಮಿಂದ ಮೊದಲೇ ಕಟ್ಟಿಸಿಕೊಳ್ಳುವ ಪದ್ಧತಿ ಎಲ್ಲೂ ಇಲ್ಲ. ಅಂದಹಾಗೆ, ದುಡ್ಡು ಕೊಟ್ಟು ಲೈಕ್ ಹೆಚ್ಚಿಸುವುದು ಯೂಟ್ಯೂಬ್‌ನ ಸ್ವಂತ ನಿಯಮಕ್ಕೇ ವಿರುದ್ಧ. ಗೂಗಲ್ ಹೆಸರಿನಲ್ಲಿ ಇಂಥ ಕೆಲಸ ಬರುವ ಪ್ರಶ್ನೆಯೇ ಇಲ್ಲ.

‘150 ಬಂದರೆ ಬರಲಿ, ಅದನ್ನಿಟ್ಟುಕೊಂಡು ಬಿಟ್ಟುಬಿಡೋಣ’ ಎಂಬ ಜಾಣತನವೂ ಬೇಡ. ಆ ದುಡ್ಡು ಇನ್ನೊಬ್ಬ ಮೋಸಹೋದವರದ್ದಾಗಿರಬಹುದು. ಅವರು ದೂರು ಕೊಟ್ಟರೆ ಹಣದ ಜಾಡು ಹಿಡಿದು ನಿಮ್ಮ ಖಾತೆಗೂ ತಡೆ ಬೀಳಬಹುದು, ಸಂಬಳ ಬರುವ ಖಾತೆ ಆಗಿದ್ದರೂ.

ದುಡ್ಡು ಕೇಳದೆ, ಹೆದರಿಸಿ ಕಸಿಯುವ ಡೇಟಾ ಎಂಟ್ರಿ

ಒಂದು ಫಾರಂಗೆ 30 ರೂಪಾಯಿ, ವಾರದಲ್ಲಿ 500 ಫಾರಂ, ಶೇ. 90 ತಪ್ಪಿಲ್ಲದೆ ಇರಬೇಕು. ಶುಲ್ಕ ಇಲ್ಲ. ಆಧಾರ್, ಸೆಲ್ಫಿ, ಒಪ್ಪಂದಕ್ಕೆ ಸಹಿ ಮಾತ್ರ ಸಾಕು ಎನ್ನುತ್ತಾರೆ. ಟೈಪ್ ಮಾಡಲು ಕೊಡುವ ಚಿತ್ರಗಳು ಬೇಕೆಂದೇ ಮಸುಕು. ಸೊನ್ನೆಯೋ ಓ ಅಕ್ಷರವೋ ತಿಳಿಯುವುದಿಲ್ಲ. ವಾರ ಕಳೆದ ಮೇಲೆ ಗುಣಮಟ್ಟ ಪರೀಕ್ಷೆಯ ‘ಕ್ಯೂಸಿ ರಿಪೋರ್ಟ್’ ಬರುತ್ತದೆ, ಅದು ಯಾವಾಗಲೂ 90ಕ್ಕಿಂತ ಕೆಳಗೇ. ಮರುದಿನ ‘ವಕೀಲರ’ ಫೋನ್: ಒಪ್ಪಂದ ಮುರಿದಿದ್ದೀರಿ, ಸಂಜೆಯೊಳಗೆ ಇಷ್ಟು ಸಾವಿರ ಕಟ್ಟಿ, ಇಲ್ಲದಿದ್ದರೆ ಮನೆಗೆ ಪೊಲೀಸ್ ಬರುತ್ತಾರೆ.

ಕಟ್ಟಬೇಡಿ. ಒಪ್ಪಂದ ನಿಜವೇ ಆಗಿದ್ದರೂ ಅದು ಸಿವಿಲ್ ವ್ಯಾಜ್ಯ. ಅದಕ್ಕೆ ಪೊಲೀಸರು ಬಂಧಿಸುವುದಿಲ್ಲ. ಭಾರತೀಯ ಒಪ್ಪಂದ ಕಾಯ್ದೆಯ 74ನೇ ಕಲಂ ಪ್ರಕಾರ, ಕಾಗದದಲ್ಲಿ ಎಷ್ಟೇ ದಂಡ ಬರೆದಿದ್ದರೂ ಸಿಗುವುದು ನ್ಯಾಯಾಲಯ ಸಮಂಜಸ ಎಂದು ತೀರ್ಮಾನಿಸಿದ ಪರಿಹಾರ ಮಾತ್ರ. ಕೇಸ್ ಹಾಕಿದ್ದೇವೆ ಎಂದರೆ ಸಿಎನ್‌ಆರ್ ನಂಬರ್ ಕೇಳಿ. ದೇಶದ ಜಿಲ್ಲಾ ನ್ಯಾಯಾಲಯಗಳಲ್ಲಿ ದಾಖಲಾಗುವ ಪ್ರಕರಣಕ್ಕೆ 16 ಅಕ್ಷರ-ಅಂಕಿಗಳ ಆ ಗುರುತು ಇರುತ್ತದೆ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬರುವ ರಾಜಮುದ್ರೆಯ ಪಿಡಿಎಫ್‌ಗಳಲ್ಲಿ ಈ ನಂಬರ್ ಇರುವುದಿಲ್ಲ, ಅಥವಾ ಹುಡುಕಿದರೆ ಏನೂ ಸಿಗುವುದಿಲ್ಲ. ಆದರೂ ಹೆದರಿಕೆಯಾದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದ್ದರೆ ಮಾತ್ರ ತಡಮಾಡದೆ ಬ್ಯಾಂಕಿಗೆ ಹೇಳಿ ತಡೆಸಿ, ವಕೀಲರನ್ನೂ ಕಾಣಿ.

ದುಡ್ಡು ಹೋಗದಿದ್ದರೂ ನಿಮ್ಮ ಆಧಾರ್, ಫೋಟೊ ಅವರ ಕೈಯಲ್ಲಿದೆ. ಆಧಾರ್ ನೀಡುವ ಯುಐಡಿಎಐ ಸಂಸ್ಥೆಯ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿ. ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಿ. ಗೊತ್ತಿಲ್ಲದ ಸಾಲ ನಿಮ್ಮ ಹೆಸರಿಗೆ ಏರಿದೆಯೇ ಎಂದು ತಿಳಿಯಲು ಕ್ರೆಡಿಟ್ ರಿಪೋರ್ಟ್ ತರಿಸಿ. ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯೂ ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು.

ಯಂತ್ರ ಕೊಳ್ಳಿ, ಮಾಲು ನಾವೇ ತಗೋತೀವಿ

ದುಡ್ಡಿನ ದಿಕ್ಕು ನೋಡುವ ಸೂತ್ರ ಇಲ್ಲಿ ಪೂರ್ತಿ ಸೋಲುತ್ತದೆ, ಏಕೆಂದರೆ ಉದ್ಯಮ ಎಂದ ಮೇಲೆ ಬಂಡವಾಳ ಹಾಕುವುದು ಸಹಜ. ಹೂಬತ್ತಿ, ಅಗರಬತ್ತಿ, ಕರ್ಪೂರ, ಪೇಪರ್ ಪ್ಲೇಟ್ ಯಂತ್ರಗಳ ‘ಬೈಬ್ಯಾಕ್’ ಯೋಜನೆಗಳು ಹೀಗೆ ನಡೆಯುತ್ತವೆ: ಯಂತ್ರ ಅವರಿಂದಲೇ ಕೊಳ್ಳಬೇಕು, ಕಚ್ಚಾ ಮಾಲೂ ಅವರದ್ದೇ, ತಯಾರಾದದ್ದನ್ನು ಕಿಲೋಗೆ ಇಷ್ಟು ಎಂದು ಅವರೇ ಕೊಳ್ಳುತ್ತಾರೆ. ಲಾಭ ಇರುವುದು ಯಂತ್ರ ಮಾರುವುದರಲ್ಲಿ. 70,000ದ ಯಂತ್ರವನ್ನು 1,60,000ಕ್ಕೆ ಮಾರಿದರೆ ಆ ದಿನವೇ ಅವರ ಕೆಲಸ ಮುಗಿಯಿತು. ಮೊದಲ ಒಂದೆರಡು ಲಾಟ್ ಮಾಲನ್ನು ಕೊಂಡು ದುಡ್ಡು ಕೊಡುತ್ತಾರೆ, ಅದನ್ನು ನೋಡಿ ನೆಂಟರೂ ಒಂದು ಯಂತ್ರ ತರುತ್ತಾರೆ. ಆಮೇಲೆ ತೇವ ಜಾಸ್ತಿ, ದಪ್ಪ ಸಮ ಇಲ್ಲ ಎಂದು ಮಾಲು ತಿರುಗಿ ಬರುತ್ತದೆ, ಗಾಡಿ ಬಾಡಿಗೆ ನಿಮ್ಮ ತಲೆಗೆ. ಕಡೆಗೆ ಆಫೀಸಿಗೆ ಬೀಗ.

ಮುಂಗಡ ಕೊಡುವ ಮೊದಲು ಇಷ್ಟು ಮಾಡಿ. ಅದೇ ಯಂತ್ರಕ್ಕೆ ಪೀಣ್ಯ, ಕೊಯಮತ್ತೂರು, ರಾಜ್‌ಕೋಟ್ ಕಡೆಯ ಬೇರೆ ಇಬ್ಬರು ತಯಾರಕರಿಂದ ಕೊಟೇಶನ್ ತರಿಸಿ. ದುಪ್ಪಟ್ಟು ವ್ಯತ್ಯಾಸ ಇದ್ದರೆ ಆ ಹೆಚ್ಚಿನ ದುಡ್ಡು ಬೈಬ್ಯಾಕ್ ಎಂಬ ಮಾತಿಗೆ ನೀವು ಕೊಡುವ ಬೆಲೆ. ನಂತರ ನಿಮ್ಮೂರಿನ ಮೂರು ಗ್ರಂಧಿಗೆ ಅಂಗಡಿಗೆ ಹೋಗಿ, ಇಂಥ ಮಾಲನ್ನು ಕಿಲೋಗೆ ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿ. ಆ ದರದಿಂದ ಕಚ್ಚಾ ಮಾಲು, ಕರೆಂಟು, ಕೂಲಿ, ಸಾಗಣೆ, ಹಾಳಾಗುವ ಮಾಲು ಕಳೆಯಿರಿ. ಬೈಬ್ಯಾಕ್ ಇಲ್ಲದೆಯೂ ನಾಲ್ಕು ಕಾಸು ಉಳಿದರೆ ಅದು ವ್ಯಾಪಾರ. ಅವರೊಬ್ಬರೇ ಕೊಳ್ಳುವ ದರದಲ್ಲಿ ಮಾತ್ರ ಲೆಕ್ಕ ಕೂಡುತ್ತದೆ ಎಂದರೆ ಬೇಡ. ಹಳೆಯ ಗ್ರಾಹಕರನ್ನು ಭೇಟಿಯಾಗಿ, ಆದರೆ ಅವರು ತೋರಿಸಿದವರನ್ನಲ್ಲ. ವರ್ಷದ ಹಿಂದೆ ಕೊಂಡವರ ಪಟ್ಟಿ ಕೇಳಿ, ಅದರಲ್ಲಿ ನೀವೇ ಮೂವರನ್ನು ಆರಿಸಿ. ಪಟ್ಟಿ ಕೊಡಲು ತಡವರಿಸಿದರೆ ಉತ್ತರ ಸಿಕ್ಕಂತೆಯೇ.

ಕಾಗದಪತ್ರದ ಪರೀಕ್ಷೆಗೂ ಮಿತಿ ಇದೆ. ಜಿಎಸ್‌ಟಿ ನಂಬರ್ 15 ಅಕ್ಷರ-ಅಂಕಿಗಳದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಹೆಸರು, ನೋಂದಣಿಯಾದ ದಿನ, ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಕಂಪನಿಯ ನೋಂದಣಿ ಗುರುತಾದ 21 ಅಕ್ಷರ-ಅಂಕಿಗಳ ಸಿಐಎನ್ ಅನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ನೋಡಬಹುದು. ‘ಇಪ್ಪತ್ತು ವರ್ಷದ ಅನುಭವ’ ಎನ್ನುವ ಕಂಪನಿ ನೋಂದಣಿಯಾಗಿ ಐದು ತಿಂಗಳಾಗಿದ್ದರೆ ಅಲ್ಲೇ ಸಿಕ್ಕಿಬಿಡುತ್ತದೆ. ಆದರೆ ಎಲ್ಲ ಸರಿಯಿದ್ದ ಮಾತ್ರಕ್ಕೆ ಸಾಚಾ ಎಂದಲ್ಲ. ನೋಂದಣಿ ಮಾಡಿಸುವುದು ಕಷ್ಟವೇನಿಲ್ಲ. ದುಡ್ಡು ಕೊಡುವುದಾದರೆ ಜಿಎಸ್‌ಟಿ ಬಿಲ್ ಪಡೆದು, ಕಂಪನಿಯ ಹೆಸರಿನ ಕರೆಂಟ್ ಖಾತೆಗೇ ಹಾಕಿ.

‘ಸಬ್ಸಿಡಿ ನಾವೇ ಮಾಡಿಸಿಕೊಡ್ತೀವಿ’ ಎಂದು ಹತ್ತು ಸಾವಿರ ಕೇಳುವವರೂ ಜೊತೆಗೇ ಇರುತ್ತಾರೆ. ಸ್ವಂತ ಉದ್ಯಮದ ಸಾಲಕ್ಕೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿ, ಅದರ ಅರ್ಜಿಗೆ ಶುಲ್ಕವಿಲ್ಲ. ನಿಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ನೇರವಾಗಿ ಕೇಳಿ. ಸಣ್ಣ ಉದ್ಯಮಗಳಿಗಿರುವ ಸರ್ಕಾರಿ ‘ಉದ್ಯಮ್’ ನೋಂದಣಿಯೂ ಉಚಿತ. ಕಲಿತು ಶುರು ಮಾಡುವವರಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಇದೆ. ಅದೇ ಮಾದರಿಯ ಸ್ವಉದ್ಯೋಗ ತರಬೇತಿ ಕೇಂದ್ರಗಳು ಜಿಲ್ಲೆಗಳಲ್ಲಿವೆ. ಊಟ, ವಸತಿ ಸಮೇತ ತರಬೇತಿ ಉಚಿತ. ಯಂತ್ರ ಮಾರುವವನ ಬಾಯಿಂದ ಲೆಕ್ಕ ಕೇಳುವ ಮೊದಲು ಇಲ್ಲಿ ಒಂದು ಮಾತು ಕೇಳಿ.

ಖಾತೆ ಬಾಡಿಗೆ, ಜನ ಸೇರಿಸುವುದು

‘ನಿಮ್ಮ ಖಾತೆಗೆ ದುಡ್ಡು ಬರುತ್ತೆ, ಶೇ. 2 ಇಟ್ಕೊಂಡು ಮುಂದೆ ಕಳಿಸಿ’ ಎಂಬುದು ಕೆಲಸವೇ ಅಲ್ಲ. ಅದು ಬೇರೆಯವರಿಂದ ಕದ್ದ ಹಣ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಖಾತೆಗೆ ಜೋಡಿಸಿದ ಸಿಮ್ ಯಾರಿಗೂ ಕೊಡಬೇಡಿ. ಕಾಲೇಜು ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕು.

ಇಬ್ಬರನ್ನು ಸೇರಿಸಿ, ಅವರು ಇಬ್ಬರನ್ನು ಸೇರಿಸಲಿ ಎನ್ನುವ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ನಡೆಸುವವರಷ್ಟೇ ಅಲ್ಲ, ಸದಸ್ಯರಾಗಿ ಸೇರುವುದೂ ಅಪರಾಧ; 3 ವರ್ಷದವರೆಗೆ ಜೈಲು. 2021ರ ನೇರ ಮಾರಾಟ ನಿಯಮಗಳೂ ಸೇರ್ಪಡೆ ಶುಲ್ಕ ಪಡೆಯಬಾರದು ಎನ್ನುತ್ತವೆ.

ದುಡ್ಡು ಹೋಗಿಬಿಟ್ಟಿದ್ದರೆ

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಹಾರುತ್ತದೆ. ಅದು ಎಟಿಎಂನಿಂದ ಹೊರಬೀಳುವ ಮುನ್ನ ತಡೆ ಬಿದ್ದರೆ ಮಾತ್ರ ಉಳಿಯುತ್ತದೆ, ಹಾಗಾಗಿ ಮನೆಯವರಿಗೆ ಹೇಗೆ ಹೇಳಲಿ ಎಂದು ಕೂರುವ ಆ ಒಂದು ಗಂಟೆಯೇ ತುಂಬಾ ದುಬಾರಿ. ಫೋನ್ ಮಾಡುವಾಗ ಕೈಯಲ್ಲಿರಲಿ: ನಿಮ್ಮ ಬ್ಯಾಂಕ್ ಖಾತೆ ನಂಬರ್, ದುಡ್ಡು ಹೋದ ದಿನ, ಸಮಯ, ಮೊತ್ತ, ಪಡೆದವರ ಯುಪಿಐ ಐಡಿ ಅಥವಾ ಖಾತೆ, ಪ್ರತಿ ಪಾವತಿಯ ಗುರುತು ಸಂಖ್ಯೆಯಾದ ಯುಟಿಆರ್ (ಯುಪಿಐ ಆದರೆ 12 ಅಂಕಿ). ಹತ್ತು ಸಲ ಕಳಿಸಿದ್ದರೆ ಹತ್ತೂ ಯುಟಿಆರ್ ಬೇಕು. ಒಂದನ್ನು ಬಿಟ್ಟರೆ ಆ ದಾರಿಯ ಹಣ ತಡೆಯಿಲ್ಲದೆ ಹೋಗುತ್ತದೆ. ನಂತರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಿ, ಬ್ಯಾಂಕಿಗೂ ಬರೆದು ಕೊಡಿ, ಜಿಲ್ಲೆಯ ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆಗೆ ಹೋಗಿ.

ಅವರನ್ನು ಬೈದು ಬ್ಲಾಕ್ ಮಾಡುವ ಮೊದಲು ಸಾಕ್ಷ್ಯ ಉಳಿಸಿ. ಟೆಲಿಗ್ರಾಂನಲ್ಲಿ ಆ ಕಡೆಯವರು ಚಾಟ್ ಅಳಿಸಿದರೆ ನಿಮ್ಮ ಫೋನಿನಲ್ಲೂ ಅಳಿಸಿಹೋಗಬಹುದು. ತೋರಿಸುವ ಹೆಸರಿನ ಜೊತೆಗೆ ಅದರ ಕೆಳಗಿನ ಯೂಸರ್‌ನೇಮ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕಂಪ್ಯೂಟರ್‌ನ ಟೆಲಿಗ್ರಾಂ ಇದ್ದರೆ ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಬಹುದು.

ಮೂರು ದಿನದೊಳಗೆ ಹೇಳಿದರೆ ಬ್ಯಾಂಕ್ ದುಡ್ಡು ಕೊಡುತ್ತದಂತೆ ಎಂಬ ಮಾತು ಅರ್ಧ ಸತ್ಯ. ರಿಸರ್ವ್ ಬ್ಯಾಂಕಿನ 2017ರ ಆ ನಿಯಮ ನಿಮಗೆ ಗೊತ್ತಿಲ್ಲದೆ ಖಾತೆಯಿಂದ ಹೋದ ಹಣಕ್ಕೆ. ನೀವೇ ಪಿನ್ ಒತ್ತಿ ಕಳಿಸಿದ್ದಕ್ಕೆ ಅದು ಅನ್ವಯಿಸುವುದಿಲ್ಲ. ಇಲ್ಲಿ ವಾಪಸ್ ಸಿಗುವುದು ತಡೆ ಬಿದ್ದಷ್ಟು ಮೊತ್ತ, ಅದೂ ಹಲವು ಸಲ ನ್ಯಾಯಾಲಯದ ಆದೇಶದ ಮೇಲೆ. ಠಾಣೆಯಲ್ಲಿ ಎಷ್ಟು ತಡೆಹಿಡಿದಿದ್ದಾರೆ ಎಂದು ಕೇಳಿ, ಅದನ್ನು ಬಿಡಿಸಿಕೊಳ್ಳಲು ನೀವೇ ಅರ್ಜಿ ಹಾಕಬೇಕಾಗಬಹುದು.

ಕೆಲವು ವಾರಗಳಲ್ಲಿ ಇನ್ನೊಂದು ಫೋನ್ ಬರಬಹುದು. ಸೈಬರ್ ಇಲಾಖೆಯಿಂದ, ನಿಮ್ಮ ಹಣ ಸಿಕ್ಕಿದೆ, ಪ್ರೊಸೆಸಿಂಗ್ ಫೀ 4,999 ಕಟ್ಟಿ ಎನ್ನುತ್ತಾರೆ. ನಿಮ್ಮ ಹೆಸರು, ಹೋದ ಮೊತ್ತ ಎರಡನ್ನೂ ಸರಿಯಾಗಿಯೇ ಹೇಳುತ್ತಾರೆ, ಏಕೆಂದರೆ ಆ ಪಟ್ಟಿ ಇರುವುದು ಮೊದಲು ಮೋಸ ಮಾಡಿದವರ ಬಳಿಯೇ. ಫೋನ್ ಇಟ್ಟು, ದೂರು ಕೊಟ್ಟಾಗ ಸಿಕ್ಕ ದೂರಿನ ನಂಬರ್ ಹಿಡಿದುಕೊಂಡು ನಿಮ್ಮ ಠಾಣೆಗೇ ಹೋಗಿ ವಿಚಾರಿಸಿ.