ಹೇಂಟೆ ಮೊಟ್ಟೆ ನಿಲ್ಲಿಸಿದರೆ ಮೊದಲು ಕೈಯಲ್ಲಿ ಎತ್ತಿ ನೋಡಿ

ಹೋದ ವಾರ ತಂಗಿಯ ಮಗಳು ಶಿವಮೊಗ್ಗದಿಂದ ಫೋನ್ ಮಾಡಿದ್ದಳು. ‘ದೊಡ್ಡಮ್ಮಾ, ನಮ್ಮ ಚಿನ್ನಿ ಮೊಟ್ಟೆ ನಿಲ್ಲಿಸಿ ಹತ್ತು ದಿನ ಆಯ್ತು. ಟಾನಿಕ್ ಹಾಕಿದೀನಿ, ಆದ್ರೂ ಇಡ್ತಿಲ್ಲ’ ಅಂತ. ಚಿನ್ನಿ ಅಂದರೆ ಅವಳ ಹಿತ್ತಲಿನ ಕೆಂಪು ನಾಟಿ ಹೇಂಟೆ. ‘ಎತ್ತಿ ನೋಡಿದೆಯೇನೇ?’ ಅಂತ ಕೇಳಿದೆ. ಇಲ್ಲವಂತೆ. ಹತ್ತು ದಿನ ಫೋನಿನಲ್ಲಿ ಹುಡುಕಿದ್ದಾಳೆ, ಅಂಗಡಿಗೆ ಹೋಗಿ ಬಾಟಲಿ ತಂದಿದ್ದಾಳೆ, ಕೋಳಿಯನ್ನು ಮಾತ್ರ ಮುಟ್ಟಿಲ್ಲ. ಇವರಿಗೆಲ್ಲ ಏನು ಹೇಳೋದು?

ಸಂಜೆ ಗೂಡು ಸೇರಿದ ಮೇಲೆ ಹಿಡಿಯಿರಿ, ಆಗ ಗಲಾಟೆ ಮಾಡುವುದಿಲ್ಲ. ತಲೆ ಹಿಂದಕ್ಕೆ ಬರುವ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಬಾಲದ ಕೆಳಗೆ ಮುಟ್ಟಿ ನೋಡಿ. ಮೊಟ್ಟೆ ಬರುವ ಜಾಗದ ಎರಡೂ ಕಡೆ ಚೂಪಾದ ಎರಡು ಮೂಳೆ ಸಿಗುತ್ತವೆ. ನಡುವೆ ಎರಡು ಮೂರು ಬೆರಳು ಹಿಡಿಸಿದರೆ, ಆ ಜಾಗ ಅಗಲವಾಗಿ ಒದ್ದೆಯಾಗಿದ್ದರೆ, ಕೋಳಿ ಮೊಟ್ಟೆ ಇಡುತ್ತಾ ಇದೆ. ಒಂದೇ ಬೆರಳು ಹಿಡಿಸಿ, ಜಾಗ ಒಣಗಿ ಮುದುರಿದ್ದರೆ ನಿಲ್ಲಿಸಿದೆ. ನಿಲ್ಲಿಸಿದ ಕೋಳಿಯ ಜುಟ್ಟೂ ಬಿಳಿಚಿಕೊಂಡಿರುತ್ತದೆ. ಇಷ್ಟು ನೋಡುವುದಕ್ಕೆ ಯಾವ ಬಾಟಲಿಯೂ ಬೇಡ.

ಇಡುತ್ತಾ ಇದ್ದೂ ನಿಮಗೆ ಸಿಗುತ್ತಿಲ್ಲ ಅಂದರೆ ಬೇರೆಲ್ಲೋ ಇಡುತ್ತಿದೆ. ಸೌದೆ ರಾಶಿ, ಹುಲ್ಲಿನ ಬಣವೆ, ಕ್ರೋಟನ್ ಗಿಡದ ಬುಡ ಎಲ್ಲ ನೋಡಿ. ಇಲ್ಲವೇ ಕೇರೆ ಹಾವೋ ಹೆಗ್ಗಣವೋ ನಿಮಗಿಂತ ಮೊದಲೇ ಬಂದು ಹೋಗುತ್ತಿರಬೇಕು. ನಮ್ಮತ್ತೆ ದಿನಾ ಬೆಳಗ್ಗೆ ಕೋಳಿ ಬಿಡುವ ಮೊದಲು ಒಂದೊಂದನ್ನೂ ಬೆರಳಲ್ಲಿ ಮುಟ್ಟಿ, ಮೊಟ್ಟೆ ಇರುವುದನ್ನು ಬುಟ್ಟಿ ಕೆಳಗೆ ಹಾಕುತ್ತಿದ್ದರು. ಇಟ್ಟ ಮೇಲೆಯೇ ಬಿಡುಗಡೆ. ಹೊಸದಾಗಿ ಮದುವೆಯಾಗಿ ಬಂದಾಗ ಅದನ್ನು ನೋಡಿ ನನಗೆ ಅಸಹ್ಯ ಆಗಿತ್ತು. ಆಮೇಲೆ ನಾನೂ ಅದೇ ಮಾಡಿದೆ. ಗೂಡಿನಿಂದ ಎಲ್ಲ ಮೊಟ್ಟೆ ಬಾಚಿಕೊಂಡು ಹೋಗಬೇಡಿ. ಒಂದಕ್ಕೆ ಇದ್ದಿಲಿನ ಗುರುತು ಹಾಕಿ ಬಿಟ್ಟರೆ ಅದೇ ಜಾಗಕ್ಕೆ ಬರುತ್ತದೆ.

ಒಂದು ದಿನ ಮೊಟ್ಟೆ ಇಲ್ಲ ಅಂತ ಗಾಬರಿಯಾಗುವವರೂ ಇದ್ದಾರೆ. ಅದೇನು ಹಾಲಿನ ಪ್ಯಾಕೆಟ್ಟಾ, ಬೆಳಗಾದರೆ ಬಾಗಿಲಿಗೆ ಬರೋಕೆ? ಒಂದು ಮೊಟ್ಟೆ ಒಳಗೆ ತಯಾರಾಗಲು ಸುಮಾರು 25 ಗಂಟೆ ಬೇಕು. ದಿನಾ ಸ್ವಲ್ಪ ಸ್ವಲ್ಪ ತಡವಾಗಿ ಒಂದು ದಿನ ತಪ್ಪಿಯೇ ತಪ್ಪುತ್ತದೆ. ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಮಾಡಿದ ಗಿರಿರಾಜ ತಳಿಯ ಕೋಳಿ ವರ್ಷಕ್ಕೆ 130ರ ಮೇಲೆ ಇಡುತ್ತದೆ ಅಂತ ನಾಟಿ ಕೋಳಿಯ ಹತ್ತಿರವೂ ಅಷ್ಟೇ ಕೇಳಬೇಡಿ. ಇದು ಹನ್ನೆರಡು ಹದಿನೈದು ಇಟ್ಟು ಕಾವಿಗೆ ಕೂರುವ ಜಾತಿ. ವರ್ಷಕ್ಕೆ ಐವತ್ತು ಅರವತ್ತು ಬಂದರೆ ದೊಡ್ಡದು.

ಚಿನ್ನಿಗೆ ಆಗಿದ್ದೂ ಅದೇ. ಮೂಲೆಯ ಗೋಣಿಚೀಲದ ಮೇಲೆ ಇಡೀ ದಿನ ಕೂತಿರುತ್ತದಂತೆ, ಹತ್ತಿರ ಹೋದರೆ ಗರಿ ಉಬ್ಬಿಸಿ ಕೊರ್ ಅಂತ ಕುಕ್ಕಲು ಬರುತ್ತದಂತೆ. ಇವಳು ಹುಷಾರಿಲ್ಲ ಅಂದುಕೊಂಡು ಟಾನಿಕ್ ಕುಡಿಸಿದ್ದಾಳೆ! ಅದು ಕಾವು ಕೂತಿದೆ ಕಣಮ್ಮಾ. ಮರಿ ಬೇಕಿದ್ದರೆ ಹುಂಜ ಇರುವ ಮನೆಯಿಂದ ಹತ್ತು ಹನ್ನೆರಡು ಮೊಟ್ಟೆ ತಂದು ಇಡಿ, 21 ದಿನಕ್ಕೆ ಮರಿ. ಬೇಡದಿದ್ದರೆ ಕಾವು ಬಿಡಿಸಬೇಕು. ಸುಮ್ನೆ ಬಿಟ್ಟರೆ ಬರೀ ಗೋಣಿಗೇ ವಾರಗಟ್ಟಲೆ ಕಾವು ಕೊಟ್ಟು ಸೊರಗಿಹೋಗುತ್ತದೆ.

ಹಿಂದೆ ಕಾವು ಬಿಡಿಸಲು ಕೋಳಿಯನ್ನು ಹಳ್ಳದಲ್ಲಿ ಮುಳುಗಿಸುತ್ತಿದ್ದರು. ಮೂಗಿಗೆ ಗರಿ ಚುಚ್ಚುವವರೂ ಇದ್ದರು. ಅದನ್ನೆಲ್ಲ ನಾನು ನನ್ನ ಅಂಗಳದಲ್ಲಿ ಮಾಡಲು ಬಿಟ್ಟಿಲ್ಲ. ನನ್ನದು ಹೆಡಿಗೆ ಉಪಾಯ, ಅಂದರೆ ಬಿದಿರಿನ ದೊಡ್ಡ ಬುಟ್ಟಿಯದು. ಹೊಟ್ಟೆಯ ಕೆಳಗೆ ಬಿಸಿ ನಿಂತಿರುವ ತನಕ ಕೋಳಿಗೆ ಕಾವಿನ ಗುಂಗು ಇಳಿಯುವುದಿಲ್ಲ. ಆ ಬಿಸಿ ಆರಿಸಬೇಕು, ಅಷ್ಟೇ.

ನಾಲ್ಕು ಕಲ್ಲು ಇಟ್ಟು, ಅದರ ಮೇಲೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ಜೋಡಿಸಿ. ನೆಲದಿಂದ ಒಂದು ಗೇಣಾದರೂ ಮೇಲಿರಬೇಕು. ದಬ್ಬೆಯ ನಯವಾದ ಬೆನ್ನು ಮೇಲೆ ಬರಲಿ, ಇಲ್ಲದಿದ್ದರೆ ಸಿಬಿರು ಕಾಲಿಗೆ ಚುಚ್ಚುತ್ತದೆ. ದಬ್ಬೆಗೂ ದಬ್ಬೆಗೂ ನಡುವೆ ಒಂದು ಬೆರಳು ಜಾಗ. ಅದಕ್ಕಿಂತ ಜಾಸ್ತಿ ಬಿಟ್ಟರೆ ಕಾಲು ಸಿಕ್ಕಿಕೊಳ್ಳುತ್ತದೆ, ಒತ್ತಾಗಿ ಇಟ್ಟರೆ ಗಾಳಿ ಬರುವುದಿಲ್ಲ. ಅದರ ಮೇಲೆ ಕೋಳಿ ಇಟ್ಟು ದೊಡ್ಡ ಕಣ್ಣಿನ ಬಿದಿರು ಹೆಡಿಗೆ ಕವುಚಿ. ಅಕ್ಕಿ ಹಾಕುವ ಒತ್ತು ಹೆಣಿಗೆಯ ಬುಟ್ಟಿ ಬೇಡ, ಅದು ಒಳಗೆ ಕತ್ತಲು ಮಾಡಿ ಮತ್ತೆ ಗೂಡೇ ಆಗುತ್ತದೆ. ಮೇಲೊಂದು ಕಲ್ಲು ಹೇರಿ. ಕೆಳಗೆ ಹುಲ್ಲು, ಗೋಣಿ, ಎಲೆ ಏನೂ ಹಾಸಬಾರದು. ಪಾಪ ಅಂತ ಒಂದು ಹಿಡಿ ಹುಲ್ಲು ಹಾಕಿದಿರೋ, ಎಲ್ಲ ಕೆಟ್ಟಿತು. ಕರಟದಲ್ಲಿ ನೀರು, ಇನ್ನೊಂದರಲ್ಲಿ ಭತ್ತ ತಪ್ಪದೆ ಇರಲಿ. ಉಪವಾಸ ಕೆಡವಿದರೆ ಮೊಟ್ಟೆ ಇನ್ನೂ ದೂರ ಹೋಗುತ್ತದೆ.

ಜಾಗವೂ ಮುಖ್ಯ. ನೆರಳಿರಬೇಕು, ಬೆಳಕಿರಬೇಕು, ಗಾಳಿ ಆಡಬೇಕು. ಉಳಿದ ಕೋಳಿಗಳು ಕೆದಕುವುದು ಅದಕ್ಕೆ ಕಾಣಬೇಕು. ನಾನು ಇಡುವುದು ಬಾವಿಕಟ್ಟೆಯ ಪಕ್ಕ. ಇನ್ನು ಎಲ್ಲರೂ ತಪ್ಪುವುದು ರಾತ್ರಿಯಲ್ಲಿ. ಕತ್ತಲಾದ ಕೂಡಲೇ ಪಾಪ ಅಂತ ಗೂಡಿಗೆ ಬಿಡುತ್ತಾರೆ. ಅದು ನೆಟ್ಟಗೆ ಹಳೇ ಜಾಗಕ್ಕೆ ಹೋಗಿ ಕೂರುತ್ತದೆ, ಹಗಲಿಡೀ ಆರಿಸಿದ್ದು ರಾತ್ರಿ ಮತ್ತೆ ಬಿಸಿ. ರಾತ್ರಿಯೂ ದಬ್ಬೆ ಮೇಲೆಯೇ ಇರಬೇಕು. ಕಬ್ಬೆಕ್ಕಿನ ಕಾಟ ಇದ್ದರೆ ಕಲ್ಲು, ದಬ್ಬೆ, ಹೆಡಿಗೆ ಸಮೇತ ಕೊಟ್ಟಿಗೆಯೊಳಗೆ ತಂದು ಬಾಗಿಲು ಹಾಕಿ. ಮೂರು ರಾತ್ರಿ ಆದ ಮೇಲೆ ಬೆಳಗ್ಗೆ ಬಿಡಿ. ಬಿಟ್ಟು ಒಳಗೆ ಹೋಗಬೇಡಿ, ನಿಂತು ನೋಡಿ. ಬೇರೆ ಕೋಳಿಗಳ ಜೊತೆ ಸೇರಿ ಮಣ್ಣು ಕೆದಕಿದರೆ ಗುಂಗು ಇಳಿಯಿತು. ಮೂಲೆಗೆ ಓಡಿದರೆ ಇನ್ನೆರಡು ದಿನ ಹೆಡಿಗೆ. ಕಾವು ಕೂತ ಮೊದಲ ದಿನವೇ ಹಿಡಿದರೆ ಬೇಗ ಮುಗಿಯುತ್ತದೆ. ಹತ್ತು ದಿನ ಬಿಟ್ಟು ಫೋನ್ ಮಾಡಿದರೆ ಹೆಡಿಗೆಯೂ ಹೆಚ್ಚು ದಿನ ಕೇಳುತ್ತದೆ. ಮತ್ತೆ ಮೊಟ್ಟೆಗೆ ಬರಲು ಒಂದೆರಡು ವಾರ ಹಿಡಿಯುತ್ತದೆ, ತಾಳ್ಮೆ ಇರಲಿ.

ಗರಿ ಉದುರಿಸುತ್ತಿದ್ದರೆ ಮಾತ್ರ ಏನೂ ಮಾಡಬೇಡಿ. ಎರಡು ಮೂರು ತಿಂಗಳು ಮೊಟ್ಟೆ ಆಸೆ ಬಿಡಿ. ಮೈಗೆ ಹೊಸ ಗರಿ ಬರಬೇಕಲ್ವಾ? ಕಡಲೆಕಾಯಿ ಹಿಂಡಿ, ಒಣಮೀನಿನ ಪುಡಿ, ಗೆದ್ದಲು ಸಿಕ್ಕಿದರೆ ಗೆದ್ದಲು ಹಾಕಿ. ಬರೀ ಅನ್ನ ಹಾಕಿ ಹಾಕಿ ಹೊಟ್ಟೆಯಲ್ಲಿ ಕೊಬ್ಬು ಕಟ್ಟಿಸಿದ ಕೋಳಿಯೂ ಮೊಟ್ಟೆ ಇಡುವುದಿಲ್ಲ. ಮೊಟ್ಟೆ ಚಿಪ್ಪು ಹಾಕುವುದಾದರೆ ಒಣಗಿಸಿ ಗುರುತು ಸಿಗದ ಹಾಗೆ ಕುಟ್ಟಿ. ಅರ್ಧ ಚಿಪ್ಪು ಹಾಗೇ ಎಸೆದರೆ ಮೊಟ್ಟೆ ಒಡೆದು ತಿನ್ನುವುದು ಕಲಿಯುತ್ತವೆ. ಏಪ್ರಿಲ್ ಮೇ ಬಿಸಿಲಿಗೂ ಮೊಟ್ಟೆ ಕಡಿಮೆಯಾಗುತ್ತದೆ. ಆಗ ನೆರಳು, ದಿನಕ್ಕೆ ಮೂರು ಸಲ ತಣ್ಣೀರು.

ರೆಕ್ಕೆ ಅಡಿಯಲ್ಲಿ ಹೇನಿದ್ದರೂ ಕೋಳಿ ಸೊರಗುತ್ತದೆ. ಒಣಮಣ್ಣಿಗೆ ಒಲೆ ಬೂದಿ ಬೆರೆಸಿ ಗುಂಡಿಯಲ್ಲಿ ಹಾಕಿ, ಅದೇ ಹೊರಳಾಡಿಕೊಳ್ಳುತ್ತದೆ. ಬೂದಿ ಪೂರ್ತಿ ಆರಿರಬೇಕು, ಜರಡಿ ಹಿಡಿದಿರಬೇಕು. ಹಾಗೆ ಜರಡಿ ಹಿಡಿದ ಬೂದಿ ಹಿತ್ತಾಳೆ ಚೊಂಬು ತಿಕ್ಕುವುದಕ್ಕೂ ಆಗುತ್ತದೆ, ಹುಣಸೆಹಣ್ಣಿನ ಜೊತೆ. ನನ್ನ ಸೊಸೆ ಕಬ್ಬಿಣದ ಬ್ರಷ್ಷಿನಲ್ಲಿ ಉಜ್ಜಿ ಅತ್ತೆ ಕೊಟ್ಟ ಚೊಂಬಿನ ತುಂಬ ಗೀರು ಮಾಡಿಟ್ಟಿದ್ದಾಳೆ. ಇರಲಿ ಬಿಡಿ.

ಒಂದೇ ಸಲ ಎಲ್ಲ ಕೋಳಿಯೂ ಮೊಟ್ಟೆ ನಿಲ್ಲಿಸಿ, ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡರೆ ಅದು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಅನ್ನುವ ಅಂಟುರೋಗ ಇರಬಹುದು. ಅಲ್ಲಿ ನನ್ನ ಹೆಡಿಗೆ, ಬೂದಿ ಯಾವುದೂ ನಡೆಯುವುದಿಲ್ಲ. ಆ ದಿನವೇ ಪಶು ಆಸ್ಪತ್ರೆಗೆ ಹೇಳಿ. ಲಸಿಕೆ ಮೊದಲೇ ಹಾಕಿಸಿಕೊಂಡಿದ್ದರೆ ಈ ಮಾತು ಬರುವುದು ಕಡಿಮೆ.

ನಿನ್ನೆ ಮತ್ತೆ ಫೋನ್ ಬಂತು. ಶಿವಮೊಗ್ಗದ ಮನೆಯಲ್ಲಿ ಅಡಿಕೆ ದಬ್ಬೆ ಎಲ್ಲಿಂದ ತರೋದು ಅಂತ ಹಳೇ ಫ್ರಿಜ್ಜಿನ ತಂತಿ ತಟ್ಟೆಯನ್ನು ಇಟ್ಟಿಗೆ ಮೇಲೆ ಇಟ್ಟಿದ್ದಾಳಂತೆ. ಪರವಾಗಿಲ್ಲ, ತಲೆ ಓಡಿಸಿದ್ದಾಳೆ ಅಂತ ಖುಷಿಯಾಯಿತು. ‘ಅದರ ಮೇಲೆ ಒಂದು ಪೇಪರ್ ಹಾಸಲಾ ದೊಡ್ಡಮ್ಮಾ?’ ಅಂದಳು. ಫೋನ್ ಇಟ್ಟುಬಿಟ್ಟೆ.